ಕುಕ್ಕರ್ ಮೂರು ಸಲ ಕೂಗಿದರೆ

ಸ್ಟೀಲ್ ತಟ್ಟೆಯ ತುಂಬ ಸ್ಕ್ರೂಗಳಿದ್ದವು. ಊಟದ ತಟ್ಟೆ ಅದು. ಕೆಲಸಕ್ಕೆಂದು ನನ್ನ ತಮ್ಮ ಬೆಂಗಳೂರಿಗೆ ಹೊರಟಾಗ ಚಿಕ್ಕಮ್ಮ ಕೊಟ್ಟು ಕಳಿಸಿದ್ದು, ಅಂಚಿನಲ್ಲಿ ಚಿಕ್ಕಪ್ಪನ ಹೆಸರು ಕೊರೆಸಿದ್ದು. ಉದ್ದದ್ದು ಒಂದು ಕಡೆ, ಗಿಡ್ಡದ್ದು ಇನ್ನೊಂದು ಕಡೆ, ತುಕ್ಕು ಹಿಡಿದದ್ದು ಬೇರೆ. ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ಸಾಲು ಸಾಲಾಗಿ ಜೋಡಿಸಿದ್ದ. ಮನೆಯ ಸ್ವಿಚ್ ಬೋರ್ಡ್‌ಗಳನ್ನೆಲ್ಲ ಬಿಚ್ಚಿದ್ದ, ವೈರುಗಳು ಹೊರಗೆ ನೇತಾಡುತ್ತಿದ್ದವು. ಹೊರಗೆ ಯಾರು ಬಂದರು ಅಂತ ನೋಡಲು ಬಾಗಿಲಲ್ಲಿ ಸಣ್ಣ ಗಾಜು ಇರುತ್ತದಲ್ಲ, ಅದಕ್ಕೆ ಬ್ಯಾಂಡ್‌ಏಡ್ ಅಂಟಿಸಿದ್ದ.

"ಅಕ್ಕಾ, ಮೆತ್ತಗೆ ಮಾತಾಡು" ಅಂದ. "ಕೆಳಗಿನ ಮನೆ ಕುಕ್ಕರ್ ಮೂರು ಸಲ ಕೂಗ್ತು. ಅಂದ್ರೆ ಬಂದಿದ್ದಾರೆ."

ನಾನು ನಕ್ಕುಬಿಟ್ಟೆ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಅವನು ನನ್ನ ಮುಖವನ್ನೇ ನೋಡಿದ. ಓ, ನೀನೂ ಅವರ ಕಡೆಯವಳೇನಾ ಅನ್ನುವಂಥದ್ದು ಏನೋ ಅವನ ಕಣ್ಣಲ್ಲಿ ಹಾದುಹೋಯಿತು. ಮೂರು ವರ್ಷವಾಯಿತು. ಆ ನಗು ನೆನಪಾದರೆ ಈಗಲೂ ಹೊಟ್ಟೆ ಹಿಂಡುತ್ತದೆ.

ತಮ್ಮ ಅಂದರೆ ಚಿಕ್ಕಪ್ಪನ ಮಗ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯವನು. ನನಗಿಂತ ಹನ್ನೊಂದು ವರ್ಷ ಚಿಕ್ಕವನು, ನಾನೇ ಎತ್ತಿ ಆಡಿಸಿದ ಹುಡುಗ. ಅವನ ಹೆಸರು ಬರೆಯುವುದಿಲ್ಲ. ಇದನ್ನು ಬರೆಯಬಹುದಾ ಅಂತ ಅವನನ್ನೇ ಕೇಳಿದೆ. "ಬರಿ, ಆದ್ರೆ ನನ್ನನ್ನ ಅಯ್ಯೋ ಪಾಪ ಅನ್ನೋ ಥರ ಬರೀಬೇಡ" ಅಂದ. ಪ್ರಯತ್ನ ಮಾಡುತ್ತೇನೆ.

ಆವತ್ತಿಗೆ ಅವನು ನಾಲ್ಕು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಅದು ನನಗೆ ಗೊತ್ತಾಗಿದ್ದು ಆಮೇಲೆ. ಅವನು ಸೇದುತ್ತಿದ್ದದ್ದು ಮೆಥ್, ಪೂರ್ತಿ ಹೆಸರು ಮೆಥಾಂಫೆಟಮೈನ್. ಕ್ರಿಸ್ಟಲ್, ಐಸ್ ಅಂತಲೂ ಹೇಳುತ್ತಾರೆ, ನೋಡೋಕೆ ಪುಡಿ ಮಾಡಿದ ಕಲ್ಲುಸಕ್ಕರೆ ಹಾಗೇ ಇರುತ್ತದೆ. ಶುರುವಾಗಿದ್ದು ಪಾರ್ಟಿಯಲ್ಲಲ್ಲ, ಕೆಲಸದಲ್ಲಿ. ಅಮೆರಿಕದ ಕ್ಲೈಂಟು, ರಾತ್ರಿ ಪಾಳಿ, ತಲೆ ಮೇಲೆ ಕೂತ ಸಾಫ್ಟ್‌ವೇರ್ ರಿಲೀಸ್. ಜೊತೆಗಿದ್ದ ಹುಡುಗನೊಬ್ಬ "ಇದು ತಗೋ, ನಿದ್ದೆ ಹತ್ತಿರಾನೂ ಸುಳಿಯಲ್ಲ" ಅಂದನಂತೆ. ಮೊದಲ ರಾತ್ರಿ ಹೇಗಿತ್ತು ಅಂತ ಒಮ್ಮೆ ಕೇಳಿದ್ದೆ. "ಹತ್ತನೇ ಕ್ಲಾಸ್ ರಿಸಲ್ಟ್ ಬಂದಾಗ ಖುಷಿ ಆಗಿತ್ತಲ್ಲ, ಅದು ಬೆಳಗಿನ ತನಕ ಇಳೀಲೇ ಇಲ್ಲ ಅಂತ ಇಟ್ಕೋ" ಅಂದ.

ಲಕ್ಷಣಗಳು ಮೊದಲೇ ಕಂಡಿದ್ದವು. ನಮಗೆ ಓದಲು ಬರಲಿಲ್ಲ ಅಷ್ಟೇ. ಅದಕ್ಕೂ ಎರಡು ತಿಂಗಳ ಹಿಂದೆ ಊರಿಗೆ ಬಂದಾಗ ತೋಳನ್ನು ಕೆರೆದುಕೊಂಡು ರಕ್ತ ಮಾಡಿಕೊಂಡಿದ್ದ. ಚರ್ಮದ ಕೆಳಗೆ ಏನೋ ಹರಿದಾಡುತ್ತಿದೆ ಅಂತಿದ್ದ. ಚಿಕ್ಕಮ್ಮ ಅನುಮಾನವೇ ಪಡಲಿಲ್ಲ. ಮಲೆನಾಡಲ್ಲಿ ಮೈಮೇಲೆ ಹುಳ ಅಂದರೆ ಉಣುಗು ಅಂತಲೇ ಲೆಕ್ಕ. ಮಂಗನ ಕಾಯಿಲೆ ತರುವ ಉಣುಗು, ಯಾರು ಸುಮ್ಮನೆ ಬಿಡುತ್ತಾರೆ? ಅವನನ್ನು ಹೊರಗಡೆ ಬಿಸಿಲಿಗೆ ಕೂರಿಸಿ, ಕನ್ನಡಕ ಹಾಕಿಕೊಂಡು, ತೋಳು ಕತ್ತು ಎಲ್ಲ ಹುಡುಕಿದರು. ಒಂದೂ ಸಿಗಲಿಲ್ಲ. "ಎಲ್ಲೋ ಉದುರಿಹೋಗಿರ್ಬೇಕು" ಅಂತ ಬೇವಿನೆಣ್ಣೆ ಸವರಿದರು. ಹೀಗೆ ಚರ್ಮದೊಳಗೆ ಹುಳ ಹರಿದ ಹಾಗೆ ಅನಿಸುವುದು ಮೆಥ್ ಬಳಸುವವರಲ್ಲಿ ಕಾಣುವ ಹಳೆಯ, ಚೆನ್ನಾಗಿ ಗೊತ್ತಿರುವ ಲಕ್ಷಣ. ಸ್ಕ್ರೂಗಳ ಸಾಲೂ ಅಷ್ಟೇ. ಒಂದೇ ಕೆಲಸವನ್ನು ಗಂಟೆಗಟ್ಟಲೆ ಮಾಡುತ್ತ ಕೂರುವುದು, ಬಿಚ್ಚುವುದು, ವಿಂಗಡಿಸುವುದು, ಮತ್ತೆ ಬಿಚ್ಚುವುದು. ಇದೆಲ್ಲ ಪುಸ್ತಕದಲ್ಲಿದೆ. ನಮ್ಮ ಮನೆಯಲ್ಲಿ ಆ ಪುಸ್ತಕ ಇರಲಿಲ್ಲ.

ಆಮೇಲೆ ಓದಿದೆ ಬಿಡಿ, ಹುಚ್ಚು ಹಿಡಿದವಳ ಹಾಗೆ ಓದಿದೆ. ಮೆಥ್ ಅಂದರೆ ಈಗಿನ ಕಾಲದ ಪಿಡುಗು ಅಂದುಕೊಂಡಿದ್ದೆ. ಅದಕ್ಕೆ ನೂರು ವರ್ಷ ದಾಟಿದೆ. ಜಪಾನಿನ ನಾಗಾಯಿ ನಾಗಾಯೋಶಿ ಅನ್ನುವ ರಸಾಯನಶಾಸ್ತ್ರಜ್ಞ 1893ರಲ್ಲೇ ಇದನ್ನು ತಯಾರಿಸಿದ. 1919ರಲ್ಲಿ ಇನ್ನೊಬ್ಬ ಜಪಾನಿ, ಅಕಿರಾ ಒಗಾಟಾ, ಇದನ್ನು ಹರಳು ರೂಪಕ್ಕೆ ತಂದ. ಎರಡನೇ ಮಹಾಯುದ್ಧದ ಹೊತ್ತಿಗೆ ಜರ್ಮನಿಯ ಸೈನಿಕರಿಗೆ ಪರ್ವಿಟಿನ್ ಅಂತ, ಜಪಾನಿನಲ್ಲಿ ಫಿಲೋಪಾನ್ ಅಂತ ಮಾತ್ರೆಗಳಾಗಿ ಹೋಯಿತು. ಫಿಲೋಪಾನ್ ಅನ್ನುವ ಹೆಸರು ಹುಟ್ಟಿದ್ದು ಗ್ರೀಕ್ ಪದದಿಂದ, ಅರ್ಥ ದುಡಿಮೆಯನ್ನು ಪ್ರೀತಿಸುವವನು. ಇದನ್ನು ಓದಿದಾಗ ತಮ್ಮನ ರಿಲೀಸ್ ನೆನಪಾಗಿ ಲ್ಯಾಪ್‌ಟಾಪ್ ಮುಚ್ಚಿಟ್ಟೆ. ರಾತ್ರಿ ಪಾಳಿಯ ಕಾರ್ಖಾನೆ ಕೆಲಸಗಾರರಿಗೂ ಅದನ್ನೇ ಕೊಡುತ್ತಿದ್ದರು.

ಯುದ್ಧ ಮುಗಿದ ಮೇಲೆ ಸೇನೆಯ ದಾಸ್ತಾನು ಪೇಟೆಗೆ ಬಂತು. ಸೋತ ದೇಶ, ಕೆಲಸವಿಲ್ಲ, ಊಟವಿಲ್ಲ, ಹಸಿವನ್ನೂ ನಿದ್ದೆಯನ್ನೂ ಒಟ್ಟಿಗೇ ಕೊಲ್ಲುವ ಔಷಧಿ ಸುಲಭಕ್ಕೆ ಸಿಗುತ್ತದೆ. ಜಪಾನ್ 1951ರಲ್ಲಿ ಕಾನೂನು ತಂದು ನಿಷೇಧಿಸಿತು. 1954ರ ಒಂದೇ ವರ್ಷದಲ್ಲಿ ಸುಮಾರು 55,000 ಜನರನ್ನು ಹಿಡಿದರು. ಮೆಥ್ ತಲೆಗೇರಿದರೆ ಮನಸ್ಸಿಗೆ ಏನಾಗುತ್ತದೆ ಅಂತ ಹತ್ತಿರದಿಂದ, ವರ್ಷಗಟ್ಟಲೆ ನೋಡಿ ಬರೆದಿಟ್ಟವರಲ್ಲಿ ಜಪಾನಿನ ಡಾಕ್ಟರುಗಳೇ ಮುಂದು. ಅವರು ಕಂಡದ್ದರಲ್ಲಿ ಒಂದು ಸಂಗತಿ ನಮ್ಮ ಮನೆಗೂ ಬಂತು. ಅದಕ್ಕೆ ಆಮೇಲೆ ಬರುತ್ತೇನೆ.

ಥಾಯ್ಲೆಂಡಿನಲ್ಲಿ ಮೆಥ್ ಬೆರೆಸಿದ ಮಾತ್ರೆಗೆ ಮೊದಲು 'ಯಾ ಮಾ' ಅಂತಿದ್ದರಂತೆ, ಕುದುರೆ ಮದ್ದು. ಆ ಹೆಸರು ತೀರಾ ಚೆನ್ನಾಗಿದೆ ಅಂತ 1996ರಲ್ಲಿ ಸರ್ಕಾರವೇ 'ಯಾ ಬಾ' ಅಂತ ಬದಲಿಸಿತು, ಹುಚ್ಚು ಮದ್ದು. ಹೆಸರು ಬದಲಿಸಿದ್ದಕ್ಕೆ ಜನ ಬಿಟ್ಟರು ಅಂತೇನೂ ಇಲ್ಲ. ಆದರೂ ಮನೆಯವರ ಮಟ್ಟಿಗೆ ಹುಚ್ಚು ಮದ್ದು ಅನ್ನುವ ಹೆಸರು ಎಷ್ಟೋ ವಾಸಿ. ನಮ್ಮಲ್ಲಿ ಪೇಪರಿನಲ್ಲಿ ಬರುವುದು ಎಷ್ಟು ಗ್ರಾಂ, ಎಷ್ಟು ಲಕ್ಷದ ಮಾಲು, ಎಷ್ಟು ಜನರ ಬಂಧನ. ಕುಕ್ಕರ್ ಕೂಗಿದ್ದಕ್ಕೆ ಹೆದರಿ ಮಂಚದ ಕೆಳಗೆ ಕೂತ ಹುಡುಗನ ಸುದ್ದಿ ಯಾವ ಪುಟದಲ್ಲೂ ಇರುವುದಿಲ್ಲ.

ಆವತ್ತಿನ ಕಥೆಗೆ ವಾಪಸ್ ಬರುತ್ತೇನೆ. ಅವನನ್ನು ಆಸ್ಪತ್ರೆಗೆ ಸೇರಿಸಲು ನಮಗೆ ಒಂಬತ್ತು ದಿನ ಹಿಡಿಯಿತು. ಚಿಕ್ಕಮ್ಮ ಊರಿಂದ ಓಡಿ ಬಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಅದು ಹೋಗಲಿ, ತಾಯಿ ಜೀವ. ಚಿಕ್ಕಪ್ಪನಿಗೆ ಇದ್ದದ್ದು ಪೊಲೀಸ್ ಭಯ. ಆಸ್ಪತ್ರೆಗೆ ಹೋದರೆ ಕೇಸ್ ಆಗುತ್ತದೆ, ಕೆಲಸ ಹೋಗುತ್ತದೆ, ಊರಲ್ಲಿ ತಲೆ ಎತ್ತುವ ಹಾಗಿಲ್ಲ. ನನಗೂ ಗೊತ್ತಿರಲಿಲ್ಲ. ಡ್ರಗ್ಸ್‌ಗಾಗಿ ಇರುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಅಂತ ಒಂದು ಕಲಂ ಇದೆ. ಸಣ್ಣ ಪ್ರಮಾಣದಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗೇ ಚಿಕಿತ್ಸೆಗೆ ಒಪ್ಪಿ, ಅದನ್ನು ಪೂರ್ತಿ ಮಾಡಿದರೆ ಶಿಕ್ಷೆಯಿಂದ ರಕ್ಷಣೆ ಕೊಡುತ್ತದೆ ಅದು. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೂ ಮದ್ಯ, ಡ್ರಗ್ಸ್‌ನಿಂದಾದ ಮನಸ್ಸಿನ ತೊಂದರೆಯನ್ನೂ ಕಾಯಿಲೆ ಅಂತಲೇ ಲೆಕ್ಕ ಹಿಡಿದಿದೆ. ಡಾಕ್ಟರ ಹತ್ತಿರ ಹೋಗಲು ಹೆದರಿ ಒಂಬತ್ತು ದಿನ ಕಳೆದದ್ದು ಬರೀ ತಿಳಿಯದೇ ಇದ್ದದ್ದಕ್ಕೆ.

ನಡುವೆ ಊರ ಹೊರಗಿನ ಒಂದು ರಿಹ್ಯಾಬ್ ಸೆಂಟರಿಗೂ ಹೋಗಿ ನೋಡಿದೆವು. ಉದ್ದನೆಯ ಹಾಲ್, ನೆಲದ ಮೇಲೆ ಒತ್ತೊತ್ತಾಗಿ ಹಾಸಿಗೆ, ಬಾಗಿಲಿಗೆ ಹೊರಗಿನಿಂದ ಬೀಗ. ಡಾಕ್ಟರ್ ಯಾರು ಅಂತ ಕೇಳಿದರೆ "ವಾರಕ್ಕೊಂದ್ಸಲ ಬರ್ತಾರೆ" ಅಂದರು. ಮೂರು ತಿಂಗಳ ದುಡ್ಡು ಮುಂಗಡ. ಮೊದಲೇ ಯಾರೋ ಹಿಡಿಯಲು ಬರುತ್ತಿದ್ದಾರೆ ಅಂತ ನಡುಗುತ್ತಿರುವ ಹುಡುಗನನ್ನು ನಿಜವಾಗಿಯೂ ನಾಲ್ಕು ಜನ ಹಿಡಿದು ಕೂಡಿಹಾಕಿದರೆ ಅವನ ತಲೆಯಲ್ಲಿ ಏನಾಗಬೇಡ? ಚಿಕ್ಕಪ್ಪನೇ "ನಡಿ, ಹೋಗೋಣ" ಅಂದರು. ಜಾಸ್ತಿ ಮಾತಾಡುವವರಲ್ಲ ಅವರು.

ಕೊನೆಗೆ ಸಿಕ್ಕಿದ ಡಾಕ್ಟರ್ ಚಿಕ್ಕ ವಯಸ್ಸಿನವರು. ಚಿಕ್ಕಪ್ಪ ಮೊದಲು ಕೇಳಿದ್ದೇ "ಡಾಕ್ಟ್ರೇ, ಇವನಿಗೆ ಹುಚ್ಚಾ?" ಅಂತ. ಆಕೆ "ಅದನ್ನ ಈಗಲೇ ಹೇಳೋಕಾಗಲ್ಲ ಯಜಮಾನ್ರೇ, ಮೊದಲು ನಿದ್ದೆ ಮಾಡ್ಲಿ" ಅಂದರು. ಅವನು ನಿದ್ದೆ ಮಾಡಿದ. ನಾಲ್ಕು ದಿನ ಊಟಕ್ಕೆ ಏಳುವುದು, ಮತ್ತೆ ಮಲಗುವುದು.

ಮೆದುಳಿನಲ್ಲಿರುವ ಡೋಪಮೈನ್ ಅನ್ನುವ ರಾಸಾಯನಿಕದ ಹೆಸರು ಈಗ ರೀಲ್ಸ್ ನೋಡುವವರಿಗೆಲ್ಲ ಗೊತ್ತು. ಆದರೆ ಆಕೆ ಹೇಳಿದ ಹಾಗೆ ಯಾರೂ ನನಗೆ ಹೇಳಿರಲಿಲ್ಲ. ನರಗಳು ಡೋಪಮೈನನ್ನು ಸಣ್ಣ ಸಣ್ಣ ಚೀಲಗಳಲ್ಲಿ ಕಟ್ಟಿಟ್ಟುಕೊಂಡಿರುತ್ತವೆ. ಬೇಕಾದಾಗ ಚೂರು ಬಿಡುತ್ತವೆ. ಕೆಲಸ ಮುಗಿದ ಮೇಲೆ ಒಂದು ಪಂಪು ಅದನ್ನು ವಾಪಸ್ ಎಳೆದುಕೊಳ್ಳುತ್ತದೆ. ಮೆಥ್ ಒಳಗೆ ನುಗ್ಗಿ ಚೀಲಗಳನ್ನೆಲ್ಲ ಬಿಚ್ಚಿ ಸುರಿದು, ಪಂಪನ್ನು ಉಲ್ಟಾ ಓಡಿಸುತ್ತದೆ. ಕೊಕೇನಿನ ಆಟ ಗಂಟೆಯೊಳಗೆ ಇಳಿಯುತ್ತದೆ. ಮೆಥ್ ಹಾಗಲ್ಲ, ಹತ್ತು ಹನ್ನೆರಡು ಗಂಟೆ ಕಳೆದರೂ ಅರ್ಧ ಇನ್ನೂ ಮೈಯಲ್ಲೇ ಇರುತ್ತದೆ. ಡೋಪಮೈನಿನ ಕೆಲಸ ಬರೀ ಖುಷಿ ಕೊಡುವುದಲ್ಲವಂತೆ. 'ಇದು ಮುಖ್ಯ, ಇತ್ತ ನೋಡು' ಅಂತ ಬೆರಳು ಮಾಡಿ ತೋರಿಸುವುದೂ ಅದೇ. ಅದು ಉಕ್ಕಿ ಹರಿಯುವಾಗ ಎಲ್ಲವೂ ಮುಖ್ಯವಾಗಿ ಕಾಣುತ್ತದೆ. ಎದುರು ನಿಂತ ಬೈಕಿನ ನಂಬರ್ ಪ್ಲೇಟು, ಫ್ಯಾನಿನ ಗುಂಯ್ ಸದ್ದು, ಕೆಳಗಿನ ಮನೆಯ ಕುಕ್ಕರ್. ಎಲ್ಲವೂ ನಿನಗೇ ಏನೋ ಹೇಳುತ್ತಿದೆ ಅನಿಸುತ್ತದೆ. ಏನು ಹೇಳುತ್ತಿದೆ ಅನ್ನುವ ಕಥೆಯನ್ನು ನಿದ್ದೆಗೆಟ್ಟ ತಲೆ ತಾನೇ ಕಟ್ಟಿಕೊಳ್ಳುತ್ತದೆ.

ಕುಕ್ಕರ್‌ಗೆ ನಾವು 'ಕೂಗು' ಅಂತೀವಲ್ಲ. ಇನ್ನೊಂದು ಕೂಗು ಕೂಗಿಸು, ಅಂತ. ಅವನಿಗೆ ಅದು ನಿಜವಾಗಿಯೂ ಕೂಗಾಗಿತ್ತು.

ಇದು ಅಪರೂಪದ ಕೇಸ್ ಅಂತ ಸಮಾಧಾನ ಮಾಡಿಕೊಳ್ಳಲು ನೋಡಿದೆ. ಅಲ್ಲ. ಮೆಥ್ ಚಟಕ್ಕೆ ಬಿದ್ದವರ ಮೇಲಿನ ಅಧ್ಯಯನಗಳನ್ನು ಒಟ್ಟು ಹಾಕಿ 2018ರಲ್ಲಿ ಲೆಕ್ಕ ಹಾಕಿದಾಗ, ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನರಿಗೆ ಇಂಥ ಭ್ರಮೆ, ಅನುಮಾನಗಳು ಬಂದಿದ್ದವು. ಬಹಳ ಮಂದಿಗೆ ಬಿಟ್ಟ ಕೆಲವು ದಿನ, ವಾರಗಳಲ್ಲಿ ಇಳಿಯುತ್ತದೆ. ತಿಂಗಳು ಕಳೆದರೂ ಇಳಿಯದಿದ್ದರೆ ಡಾಕ್ಟರುಗಳು ಬೇರೆ ಕಾಯಿಲೆ ಇದೆಯಾ ಅಂತ ಹುಡುಕುತ್ತಾರೆ. ಆಂಫೆಟಮೈನ್ ಗುಂಪಿನ ಡ್ರಗ್ಸ್‌ನಿಂದ ಹೀಗಾದವರಲ್ಲಿ ನೂರಕ್ಕೆ ಸುಮಾರು 22 ಜನರಿಗೆ ಮುಂದೆ ಸ್ಕಿಜೋಫ್ರೇನಿಯಾ, ಅಂದರೆ ಇಂಥ ಭ್ರಮೆಗಳು ದೀರ್ಘಕಾಲ ಕಾಡುವ ಮಾನಸಿಕ ಕಾಯಿಲೆ, ಅಂತಲೇ ಗೊತ್ತಾಗಿದೆ ಅಂತ 2020ರ ಇನ್ನೊಂದು ಲೆಕ್ಕ ಹೇಳುತ್ತದೆ. ಆ ಒಂದು ತಿಂಗಳು ಚಿಕ್ಕಮ್ಮ ದಿನಾ ಬೆಳಗ್ಗೆ ಫೋನಲ್ಲಿ ಕೇಳುತ್ತಿದ್ದದ್ದು ಒಂದೇ. "ಇವತ್ತು ಏನಾದ್ರೂ ಕೇಳಿಸ್ತಂತಾ?" ಹದಿನೇಳನೇ ದಿನ "ಇಲ್ಲ ಚಿಕ್ಕಮ್ಮ" ಅಂದೆ.

ಎಲ್ಲ ಮುಗಿಯಿತು ಅಂದುಕೊಂಡೆವು. ಅಲ್ಲೇ ನಾವು ತಪ್ಪಿದ್ದು. ಇಷ್ಟೆಲ್ಲ ಬರೆಯಲು ಕೂತದ್ದೂ ಆ ತಪ್ಪಿಗಾಗಿಯೇ.

ಅವನನ್ನು ಊರಿಗೆ ಕರೆದುಕೊಂಡು ಹೋದರು. ವಿಷಯ ಗೊತ್ತಿದ್ದ ಒಂದಿಬ್ಬರು ಸಂಬಂಧಿಕರು ಬೆನ್ನು ತಟ್ಟಿ "ಬಿಟ್ಟೆಯಲ್ಲ ಮಾರಾಯ, ಅಷ್ಟು ಸಾಕು" ಅಂದರು. ಅಬ್ಬರ, ಭಯ, ಸ್ಕ್ರೂ, ಬ್ಯಾಂಡ್‌ಏಡ್ ಎಲ್ಲ ಹೋಗಿತ್ತು. ಅದರ ಜಾಗಕ್ಕೆ ಏನೂ ಬಂದಿರಲಿಲ್ಲ. ಹುಡುಗ ಜಗುಲಿಯ ಮೇಲೆ ಕೂತರೆ ಕೂತೇ ಇರುತ್ತಿದ್ದ. ನಾಯಿ ಓಡಿಬಂದು ಮೈಮೇಲೆ ಹಾರಿದರೆ ಕೈಯಲ್ಲಿ ಸರಿಸುತ್ತಿದ್ದ, ಬೈಯುತ್ತಲೂ ಇರಲಿಲ್ಲ. ಕ್ರಿಕೆಟ್ ಹಾಕಿದರೆ ನೋಡುತ್ತಿದ್ದ, ಯಾರು ಆಡುತ್ತಿದ್ದಾರೆ ಅಂತ ಕೇಳಿದರೆ ಗೊತ್ತಿಲ್ಲ. ಚಿಕ್ಕಮ್ಮ ಅಪ್ಪೆಮಿಡಿ ಉಪ್ಪಿನಕಾಯಿಯ ಹೊಸ ಭರಣಿ ತೆಗೆದರು. ಚಿಕ್ಕವನಿದ್ದಾಗ ಆ ಮಿಡಿಗಾಗಿ ನನ್ನ ಜೊತೆ ಜಗಳ ಆಡುತ್ತಿದ್ದವನು. ತಿಂದ. "ಹೇಗಿದೆಯೋ?" ಅಂದೆ.

"ಸಪ್ಪೆ ಅಕ್ಕಾ."

ಅಪ್ಪೆಮಿಡಿ ಸಪ್ಪೆ ಅಂತ ಹೇಳಿದವರನ್ನು ನಾನು ಅದೇ ಮೊದಲು ನೋಡಿದ್ದು. ನನ್ನ ಮುಖ ನೋಡಿ ಅವನೇ ಬಿಡಿಸಿ ಹೇಳಿದ. "ಉಪ್ಪಿಲ್ಲದ ಸಪ್ಪೆ ಅಲ್ಲ. ಉಪ್ಪು, ಖಾರ, ಸೊನೆ ವಾಸನೆ, ಎಲ್ಲ ಗೊತ್ತಾಗುತ್ತೆ. ಆದ್ರೆ ಏನೀಗ ಅನ್ಸುತ್ತೆ. ಮಳೆ ಬಂದ್ರೂ ಏನೀಗ. ನೀನು ಬಂದ್ರೂ ಏನೀಗ. ಬೇಜಾರು ಮಾಡ್ಕೋಬೇಡ."

ನಾವು ಎಲ್ಲದಕ್ಕೂ ಬೇಜಾರು ಅಂತೀವಿ. ಬಸ್ಸು ತಪ್ಪಿದರೂ ಬೇಜಾರು, ಅಜ್ಜ ತೀರಿಹೋದರೂ ಬೇಜಾರು. ಅವನಿಗಿದ್ದದ್ದು ಬೇಜಾರಲ್ಲ. ಬೇಜಾರಾಗಲಿಕ್ಕೂ ಒಳಗೆ ಏನೋ ಒಂದು ಕೆಲಸ ಮಾಡಬೇಕು. ಡಾಕ್ಟರುಗಳು ಅನ್‌ಹೆಡೋನಿಯಾ ಅನ್ನುತ್ತಾರೆ. ನನಗೆ ಅವನ 'ಸಪ್ಪೆ'ಯೇ ಸರಿಯಾದ ಪದ ಅನಿಸುತ್ತದೆ. ಇಲಿಗಳ ಮೇಲಿನ ಪ್ರಯೋಗದಲ್ಲಿ ಒಳ್ಳೆಯ ಊಟ ಸಿಕ್ಕಾಗ ಡೋಪಮೈನ್ ಒಂದೂವರೆ ಪಟ್ಟಾಗುತ್ತದೆ, ಈ ಜಾತಿಯ ಡ್ರಗ್ಸ್ ಕೊಟ್ಟಾಗ ಹತ್ತು ಪಟ್ಟಾಗುತ್ತದೆ. ಅಂಥ ಪ್ರವಾಹ ತಿಂಗಳುಗಟ್ಟಲೆ ಹರಿದ ಕಾಲುವೆಯಲ್ಲಿ ಒಂದು ಮಿಡಿ ಉಪ್ಪಿನಕಾಯಿಯ ಹನಿ ಎಲ್ಲಿ ಕಾಣಬೇಕು?

ಹುಚ್ಚಾಗಿದ್ದಾಗ ಮನೆಯವರೆಲ್ಲ ಎಚ್ಚರ ಇದ್ದೆವು. ಸಪ್ಪೆಯಾದಾಗ ನಿರಾಳವಾಗಿ ನಿದ್ದೆ ಮಾಡಿದೆವು. ಆಗಲೇ ಒಂದು ರಾತ್ರಿ ಅವನು ಫೋನ್ ಮಾಡಿ "ಇರೋದಕ್ಕೂ ಇಲ್ದೇ ಇರೋದಕ್ಕೂ ದೊಡ್ಡ ವ್ಯತ್ಯಾಸ ಕಾಣ್ತಿಲ್ಲ ಅಕ್ಕಾ" ಅಂದ. ಅಳುತ್ತಿರಲಿಲ್ಲ. ಹವಾಮಾನ ಹೇಳಿದ ಹಾಗೆ ಹೇಳಿದ. ಡಾಕ್ಟರ್ ಮೊದಲೇ ನನಗೆ ಹೇಳಿದ್ದರು, ಇಂಥ ಮಾತು ಬಂದರೆ ಸುತ್ತಿ ಬಳಸಬೇಡಿ, ನೇರ ಕೇಳಿ, ಕೇಳಿದರೆ ತಲೆಗೆ ಹೊಸ ಯೋಚನೆ ಹಾಕಿದ ಹಾಗೇನೂ ಆಗುವುದಿಲ್ಲ ಅಂತ. ನೇರ ಕೇಳಿದೆ. "ಸಾಯ್ಬೇಕು ಅನ್ಸ್ತಿದೆಯಾ?" ಸ್ವಲ್ಪ ಹೊತ್ತು ಸುಮ್ಮನಿದ್ದು "ಹೂಂ" ಅಂದ. ಅವನನ್ನು ಲೈನಿನಲ್ಲೇ ಇಟ್ಟುಕೊಂಡು ಗಂಡನ ಫೋನಿನಿಂದ ಚಿಕ್ಕಪ್ಪನನ್ನು ಎಬ್ಬಿಸಿದೆ. ಆಮೇಲೆ 14416ಕ್ಕೆ ಮಾಡಿದೆ. ಅದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬೆಳಗಾಗುವಷ್ಟರಲ್ಲಿ ಚಿಕ್ಕಪ್ಪ ತೋಟದ ಔಷಧಿಗಳನ್ನೆಲ್ಲ ಶೆಡ್ಡಿನಿಂದ ತೆಗೆದು ಬೇರೆಯವರ ಮನೆಯಲ್ಲಿ ಬೀಗ ಹಾಕಿಸಿದ್ದರು. ಇಡೀ ರಾತ್ರಿ ಅವನ ಪಕ್ಕ ಚಾಪೆ ಹಾಸಿಕೊಂಡು ಮಲಗಿದ್ದರಂತೆ. ಒಂದೂ ಮಾತಾಡಲಿಲ್ಲವಂತೆ.

ಇದಕ್ಕೆ ಮಾತ್ರೆ ಇಲ್ಲವಾ ಅಂತ ಎಲ್ಲರೂ ಕೇಳುತ್ತಾರೆ. ಭ್ರಮೆಗೆ ಇದೆ, ಖಿನ್ನತೆಗೆ ಇದೆ. ಮೆಥ್ ಆಸೆಯನ್ನೇ ಕಿತ್ತುಹಾಕುವ ಮಾತ್ರೆ ಅಂತ ಇಲ್ಲ. 2021ರಲ್ಲಿ ಅಮೆರಿಕದಲ್ಲಿ ಎರಡು ಔಷಧಿ ಸೇರಿಸಿ ಕೊಟ್ಟು ನೋಡಿದ ದೊಡ್ಡ ಪ್ರಯೋಗದಲ್ಲಿ ಗುಣ ಕಂಡದ್ದು ನೂರಕ್ಕೆ 13-14 ಜನರಲ್ಲಿ. ಅದೂ ದೊಡ್ಡ ಸುದ್ದಿಯಾಯಿತು, ಯಾಕೆಂದರೆ ಸುಳ್ಳು ಔಷಧಿ ಕೊಟ್ಟವರಲ್ಲಿ ಅದು 2-3 ಅಷ್ಟೇ. ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಕೇಳಲು ತಮಾಷೆಯಾಗಿರುವ ಒಂದು ಉಪಾಯ. ಮೂತ್ರ ಪರೀಕ್ಷೆ ಶುದ್ಧ ಬಂದ ಸಲ ಸಣ್ಣದೊಂದು ಬಹುಮಾನ, ಕೂಪನ್ನು, ಸ್ವಲ್ಪ ದುಡ್ಡು, ಅಲ್ಲೇ ಕೈಗೆ. ದೂರದ ಖುಷಿ ಕಾಣದ ಮೆದುಳಿಗೆ ಹತ್ತಿರದ ಚಿಕ್ಕ ಖುಷಿ ತೋರಿಸುವುದು.

ನಮ್ಮಲ್ಲಿ ಕೂಪನ್ನು ಎಲ್ಲಿಂದ ಬರಬೇಕು? ಅಡಿಕೆ ಸುಲಿಯುವ ಕಾಲ ಬಂತು. ಸಂಜೆ ಸುಲಿಯುವವರು ಬಂದು ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂರುತ್ತಾರೆ, ಡಬ್ಬಕ್ಕಿಷ್ಟು ಅಂತ ಕೂಲಿ. ಚಿಕ್ಕಪ್ಪ ಮಗನಿಗೂ ಒಂದು ಕತ್ತಿ ಕೊಟ್ಟರು. ರಾತ್ರಿ ಎಣಿಸಿ ಅವನ ಕೂಲಿಯನ್ನೂ ಬೇರೆಯವರ ಜೊತೆಗೇ ಕೈಗೆ ಹಾಕಿದರು. ಎಂಬಿಎ ಓದಿದ ಮಗನಿಗೆ ಮನೆಯ ಅಡಿಕೆಗೇ ಕೂಲಿ! ಚಿಕ್ಕಮ್ಮನಿಗೆ ಸಿಟ್ಟು ಬಂದಿತ್ತು. ಅವನು ಮೊದಲ ದಿನ ಅರ್ಧ ಡಬ್ಬ ಸುಲಿದ. ಡಿಸೆಂಬರ್ ಕೊನೆಗೆ ಮೂರಾಯಿತು. ಬೆರಳುಗಳು ಕಪ್ಪಗಾದವು. ಇದರಿಂದಲೇ ಗುಣವಾಯಿತು ಅಂತ ನಾನು ಹೇಳುವುದಿಲ್ಲ, ಮಾತ್ರೆಗಳೂ ಇದ್ದವು, ತಿಂಗಳಿಗೊಮ್ಮೆ ಡಾಕ್ಟರೂ ಇದ್ದರು.

ಆದರೂ ಮಾರ್ಚಿನಲ್ಲಿ ಜಾರಿದ. ಬೇರೆ ಕೆಲಸ ಸಿಕ್ಕಿ ಬೆಂಗಳೂರಿಗೆ ವಾಪಸ್ ಬಂದಿದ್ದ. ಒಂದೇ ಒಂದು ಸಂಜೆ, ಒಂದೇ ಸಲ. ಮೊದಲ ಸಲ ದನಿಗಳು ಕೇಳಿಸಲು ಏಳೆಂಟು ತಿಂಗಳು ಹಿಡಿದಿತ್ತು. ಈ ಸಲ ಅದೇ ರಾತ್ರಿ ಬಂದವು. ಜಪಾನಿನ ಡಾಕ್ಟರುಗಳು ಕಂಡದ್ದು ಅಂತ ಹೇಳಿದೆನಲ್ಲ, ಅದು ಇದೇ. ಒಮ್ಮೆ ಹೀಗಾದ ಮೆದುಳು ದಾರಿ ಮರೆಯುವುದಿಲ್ಲ. ವರ್ಷಗಳ ನಂತರವೂ ಚೂರೇ ಚೂರು ಸಾಕು. ಕೆಲವರಿಗೆ ಡ್ರಗ್ಸೇ ಬೇಡ, ನಿದ್ದೆಗೇಡು, ದೊಡ್ಡ ಭಯ ಅಷ್ಟೇ ಸಾಕು. ಆ ಸಲ ಅವನೇ ಆಟೋ ಹಿಡಿದು ನಮ್ಮ ಮನೆಗೆ ಬಂದ. "ಕೂಗ್ತಿದೆ ಅಕ್ಕಾ" ಅಂದ. ನಾನು ನಗಲಿಲ್ಲ. ಒಂಬತ್ತು ದಿನವೂ ಹಿಡಿಯಲಿಲ್ಲ, ಎರಡು ಗಂಟೆಯಲ್ಲಿ ಆಸ್ಪತ್ರೆಯಲ್ಲಿದ್ದೆವು.

ನೋರಾ ವೋಲ್ಕೋ ಅನ್ನುವ ವಿಜ್ಞಾನಿಯ ತಂಡ 2001ರಲ್ಲಿ ಐದು ಜನರ ಮೆದುಳಿನ ಸ್ಕ್ಯಾನ್ ಮಾಡಿತ್ತು, ಮೆಥ್ ಬಿಟ್ಟ ಹೊಸದರಲ್ಲಿ ಒಮ್ಮೆ, ವರ್ಷ ದಾಟಿದ ಮೇಲೆ ಇನ್ನೊಮ್ಮೆ. ಡೋಪಮೈನನ್ನು ವಾಪಸ್ ಎಳೆದುಕೊಳ್ಳುವ ಆ ಪಂಪುಗಳು ಸಾಕಷ್ಟು ಮಟ್ಟಿಗೆ ವಾಪಸ್ ಬಂದಿದ್ದವು. ನೆನಪಿನ ಪರೀಕ್ಷೆಗಳಲ್ಲಿ ಅಷ್ಟು ಚೇತರಿಕೆ ಇರಲಿಲ್ಲ. ಐದೇ ಜನ, ಆದರೂ ನಾನು ಆ ಎರಡು ಚಿತ್ರಗಳನ್ನು ಫೋನಿನಲ್ಲಿ ಇಟ್ಟುಕೊಂಡಿದ್ದೇನೆ. ಒಂದರಲ್ಲಿ ನೀಲಿ ಜಾಸ್ತಿ, ಇನ್ನೊಂದರಲ್ಲಿ ಕೆಂಪು, ಹಳದಿ. ತಮ್ಮನಿಗೆ ತೋರಿಸಿದಾಗ "ಇದು ಯಾರ ಮೆದುಳೋ ಏನೋ, ನಂದಂತೂ ಇನ್ನೂ ಲೋಡ್ ಆಗ್ತಿದೆ" ಅಂದ. ಎರಡು ವರ್ಷದಲ್ಲಿ ಅವನು ಮಾಡಿದ ಮೊದಲ ಜೋಕು.

ಈಗ ಊರಲ್ಲೇ ಇದ್ದಾನೆ. ಹೋದ ಚಳಿಗಾಲದಲ್ಲಿ ಒಂದು ದಿನ ಚಿಕ್ಕಮ್ಮ ಗಾಬರಿಯಿಂದ ಫೋನ್ ಮಾಡಿದರು. "ಮತ್ತೆ ಸಾಲು ಮಾಡ್ತಿದ್ದಾನೆ ಕಣೇ!" ಚಪ್ಪರದ ಮೇಲೆ ಒಣಗಿದ ಅಡಿಕೆಯಲ್ಲಿ ಬೆಟ್ಟೆ ಬೇರೆ, ಗೊರಬಲು ಬೇರೆ ಅಂತ ಆರಿಸುತ್ತ ಕೂತಿದ್ದನಂತೆ. "ರಾತ್ರಿ ಮಲಗಿದ್ನಾ?" ಅಂತ ಕೇಳಿದೆ. "ಗೊರಕೆ ಹೊಡೀತಿದ್ದ." "ಹಾಗಾದ್ರೆ ಆರಿಸ್ಲಿ ಬಿಡಿ ಚಿಕ್ಕಮ್ಮ."

ಅವರು ಆ ಮೊದಲ ವರ್ಷವೇ ಯಾರಿಗೂ ಹೇಳದೆ ಕುಕ್ಕರನ್ನು ಅಟ್ಟಕ್ಕೆ ಹಾಕಿದ್ದರು. ಅನ್ನ ಬಸಿಯುತ್ತಿದ್ದರು, ಬೇಳೆಯನ್ನೂ ಪಾತ್ರೆಯಲ್ಲೇ ಬೇಯಿಸುತ್ತಿದ್ದರು. ನಾನು ಸಂಕ್ರಾಂತಿಗೆ ಹೋದಾಗ ಸುಲಿಯುವವರೂ ಸೇರಿ ಮನೆ ತುಂಬ ಜನ. ಒಲೆ ಸಾಲದೆ, ಯಾರೋ ಅಟ್ಟದಿಂದ ಕುಕ್ಕರ್ ಇಳಿಸಿ ಬೇಳೆ ಇಟ್ಟುಬಿಟ್ಟಿದ್ದರು. ನಾವೆಲ್ಲ ಜಗುಲಿಯಲ್ಲಿದ್ದೆವು. ಒಳಗಿನಿಂದ ಒಂದು ಕೂಗು ಬಂತು. ಚಿಕ್ಕಮ್ಮನ ಕೈ ನಿಂತಿತು. ಚಿಕ್ಕಪ್ಪ ತಲೆ ಎತ್ತಲಿಲ್ಲ, ಆದರೆ ಅವರ ಕತ್ತಿಯೂ ನಿಂತಿತು. ನಾನು ಅವನನ್ನು ನೋಡಬಾರದು ಅಂತ ನೆಲ ನೋಡಿದೆ.

ಅವನೂ ಸುಲಿಯುವುದನ್ನು ನಿಲ್ಲಿಸಿದ್ದ. ಅಡಿಗೆಮನೆ ಕಡೆ ತಿರುಗಿ ಸ್ವಲ್ಪ ಹೊತ್ತು ಕೇಳಿಸಿಕೊಂಡ. ಎರಡನೇ ಕೂಗು ಬಂತು.

"ಅಮ್ಮಾ, ತೊಗರಿಬೇಳೆ ತಾನೆ?" ಅಂದ. "ಇನ್ನೊಂದು ಸಾಕಲ್ವಾ?"